ಹನ್ನೆರಡು ಭಾನುವಾರ, ಒಂದು ರೊಟ್ಟಿಯ ಲೆಕ್ಕ: ಕಲಬುರಗಿಯ ವ್ಯಾಪಾರ ಕೋರ್ಸ್ ಹೇಗಿದೆ?

ನಮ್ಮ ಕಲಬುರಗಿಯ ಒಂದು ವಿಶ್ವವಿದ್ಯಾಲಯದಲ್ಲಿ ಹೊರಗಿನವರೂ ಸೇರಬಹುದಾದ ಸರ್ಟಿಫಿಕೇಟ್ ಕೋರ್ಸ್ ಇದೆ. ವ್ಯಾಪಾರದ ಮೂಲ ಪಾಠಗಳು. ಹನ್ನೆರಡು ವಾರ, ಪ್ರತಿ ಭಾನುವಾರ ಬೆಳಿಗ್ಗೆ 10ರಿಂದ 1ರ ತನಕ. ಫೀಸು 3,000 ರೂಪಾಯಿ. ಪಿಯುಸಿ ಆಗಿದ್ದರೆ ಸಾಕು, ವಯಸ್ಸು ಕೇಳುವುದಿಲ್ಲ. ನಾನು ಈ ವರ್ಷ ಮುಗಿಸಿದೆ. ಸೇರಬೇಕೋ ಬೇಡವೋ ಎಂದು ಮೂರ್ನಾಲ್ಕು ಜನ ಕೇಳಿದರು, ಅದಕ್ಕೇ ಬರೆಯುತ್ತಿದ್ದೇನೆ. ಕೊರತೆಗಳನ್ನೂ ಹೇಳಬೇಕಾಗಿರುವುದರಿಂದ, ಪಾಠ ಮಾಡಿದವರಿಗೆ ನೋವಾಗಬಾರದು ಎಂದು ಹೆಸರು ಹಾಕಿಲ್ಲ.

ನನ್ನದು ರೊಟ್ಟಿ ಕೆಲಸ. ಖಡಕ್ ರೊಟ್ಟಿ ಮಾಡಿಸಿ ಖಾನಾವಳಿ, ಹೋಟೆಲು, ಅಂಗಡಿಗಳಿಗೆ ಕೊಡುತ್ತೇನೆ. ಬೆಳಿಗ್ಗೆ ಬಂದು ಮಧ್ಯಾಹ್ನ ಮನೆಗೆ ಹೋಗುವ ನಾಲ್ವರು ಅಕ್ಕಂದಿರು ಇದ್ದಾರೆ, ರೊಟ್ಟಿ ಲೆಕ್ಕದಲ್ಲಿ ಕೂಲಿ. ತಿಂಗಳಿಗೆ ಸುಮಾರು 14,000 ರೊಟ್ಟಿ ಹೋಗುತ್ತದೆ. ಆರು ವರ್ಷದಿಂದ ನಡೆಸುತ್ತಿದ್ದೇನೆ, ಲಾಭ ಬರುತ್ತಿದೆ ಎಂದೇ ನಂಬಿದ್ದೆ. ಆದರೆ ತಿಂಗಳ ಕೊನೆಗೆ ಕೈಯಲ್ಲಿ ರೊಕ್ಕ ಇರುತ್ತಿರಲಿಲ್ಲ. ಯಾಕೆ ಎಂದು ತಿಳಿಯಬೇಕಿತ್ತು, ಅಷ್ಟೇ.

ಮೊದಲ ಎರಡು ವಾರ ನಿಜ ಹೇಳಬೇಕೆಂದರೆ ಬೇಸರ ಬಂತು. ಫ್ರಾನ್ಸಿನ ಹೆನ್ರಿ ಫಯೋಲ್ ಹೇಳಿದ ಆಡಳಿತ ನಡೆಸುವ 14 ತತ್ವಗಳು, ಮ್ಯಾಸ್ಲೋ ಹೇಳಿದ ಮನುಷ್ಯನ ಅಗತ್ಯಗಳ ಮೆಟ್ಟಿಲು, 1913ರಲ್ಲಿ ಫೋರ್ಡ್ ಕಾರ್ಖಾನೆಯಲ್ಲಿ ಶುರುವಾದ ಸಾಲು ಜೋಡಣೆ (ಅಸೆಂಬ್ಲಿ ಲೈನ್). ಇವು ಬೇಡ ಎಂದಲ್ಲ. ಕೆಲಸ ಹಂಚಿಕೊಂಡರೆ ವೇಗ ಬರುತ್ತದೆ ಅನ್ನುವುದು ನಮ್ಮಲ್ಲೂ ನಿಜ, ಹಿಟ್ಟು ನಾದುವವರು ಒಬ್ಬರು, ಬಡಿಯುವವರು ಒಬ್ಬರು, ಬೇಯಿಸುವವರು ಒಬ್ಬರು. ಆದರೆ ಪಟ್ಟಿಯನ್ನು ಪರದೆ ಮೇಲೆ ಹಾಕಿ ಓದಿದರೆ ಅದು ತಲೆಗೆ ಹೋಗುವುದಿಲ್ಲ. ಎರಡನೇ ವಾರಕ್ಕೆ ಏಳು ಜನ ಬಿಟ್ಟೇ ಹೋದರು. ಅವರು ಇನ್ನೊಂದು ವಾರ ತಡೆದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ, ಯಾಕೆಂದರೆ ಮೂರನೇ ವಾರದಿಂದ ಲೆಕ್ಕ ಶುರುವಾಯಿತು. ಕೋರ್ಸಿನ ಜೀವ ಇರುವುದು ಅಲ್ಲಿ.

ಲೆಕ್ಕದ ಸರ್ ಎಲ್ಲರಿಗೂ ಒಂದು ಮಾತು ಹೇಳಿದರು: ಪುಸ್ತಕದ ಉದಾಹರಣೆ ಬೇಡ, ನಿಮ್ಮ ಮನೆಯ ಲೆಕ್ಕ ತನ್ನಿ. ನಾನು ನೋಟ್‌ಬುಕ್ ಒಯ್ದೆ. ಅವರು ಬೋರ್ಡಿನ ಮೇಲೆ ನನ್ನ ಒಂದು ರೊಟ್ಟಿಯನ್ನು ಬಿಡಿಸಿ ಇಟ್ಟರು. ಜೋಳ ಮತ್ತು ಗಿರಣಿ ಸೇರಿ ಹಿಟ್ಟಿಗೆ 3.50, ಬಡಿದ ಕೂಲಿ 1.50, ಗ್ಯಾಸು 50 ಪೈಸೆ, ಪ್ಯಾಕಿಂಗ್ 25 ಪೈಸೆ. ಒಟ್ಟು 5.75. ನಾನು ಮಾರುತ್ತಿದ್ದುದು 7 ರೂಪಾಯಿಗೆ. ಅಂದರೆ ಒಂದು ರೊಟ್ಟಿಗೆ ಉಳಿಯುವುದು 1.25. ರೊಟ್ಟಿ ಮಾಡಲಿ ಬಿಡಲಿ ತಿಂಗಳಿಗೆ ಕೊಡಲೇಬೇಕಾದ್ದು ಬೇರೆ: ಬಾಡಿಗೆ 6,000, ಕರೆಂಟು ನೀರು 1,000, ತಲುಪಿಸುವ ಹುಡುಗನಿಗೆ 5,500. ಒಟ್ಟು 12,500. ಇದನ್ನು 1.25ರಿಂದ ಭಾಗಿಸಿದರೆ 10,000 ರೊಟ್ಟಿ. ಅಷ್ಟು ಮಾರಿದರೆ ಅಸಲು ಗಿಟ್ಟುತ್ತದೆ, ಅದರ ಮೇಲೆ ಹೋದದ್ದು ಲಾಭ. ಇದಕ್ಕೆ ಬ್ರೇಕ್ ಈವನ್ ಎನ್ನುತ್ತಾರೆ. ನಾನು 14,000 ಮಾರುತ್ತೇನೆ, ಹಾಗಾದರೆ 5,000 ಲಾಭ. ನನಗೆ ಸಮಾಧಾನವಾಯಿತು.

ಆಗ ಸರ್ ಕೇಳಿದರು, "ಅಕ್ಕೋರೇ, ನಿಮ್ಮ ಕೂಲಿ ಎಲ್ಲಿ ಬರೆದಿದ್ದೀರಿ?"

ಬರೆದಿರಲಿಲ್ಲ. ಆರು ವರ್ಷದಲ್ಲಿ ಒಂದು ತಿಂಗಳೂ ಬರೆದಿರಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಜೋಳ ಹಸನು ಮಾಡುವುದು, ಸಂಜೆ ವಸೂಲಿಗೆ ಅಲೆಯುವುದು, ಎಲ್ಲ ನನ್ನದೇ ಅಲ್ವಾ ಎಂದು ಬಿಟ್ಟಿದ್ದೆ. ಬೇರೆಯವರನ್ನು ಇಟ್ಟರೆ ಎಷ್ಟು ಕೊಡುತ್ತೀರಿ ಎಂದು ಕೇಳಿದರು. ಕಡಿಮೆ ಎಂದರೂ 10,000 ಅಂದೆ. ಅದನ್ನು ಸೇರಿಸಿದಾಗ ತಿಂಗಳ ಖರ್ಚು 22,500 ಆಯಿತು, ಅಸಲು ಗಿಟ್ಟಲು 18,000 ರೊಟ್ಟಿ ಬೇಕಾಯಿತು. ನಾನು 14,000ದಲ್ಲಿ ನಿಂತಿದ್ದೆ. ಅಂದರೆ ನನ್ನ ಅರ್ಧ ಕೂಲಿಯನ್ನು ನಾನೇ ಪ್ರತಿ ತಿಂಗಳು ವ್ಯಾಪಾರಕ್ಕೆ ತುಂಬುತ್ತಿದ್ದೆ, ಮತ್ತು ಉಳಿದ ಅರ್ಧವನ್ನೇ ಲಾಭ ಎಂದು ತಿಳಿದಿದ್ದೆ. ಕ್ಲಾಸಿನಲ್ಲಿ ಸುಮ್ನೆ ಕೂತುಬಿಟ್ಟೆ. ಮನೆಗೆ ಬರುವಾಗ ಬಸ್ಸಿನಲ್ಲೂ ಅದೇ ತಲೆಯಲ್ಲಿ.

ಮುಂದಿನ ವಾರ ದರವನ್ನು 50 ಪೈಸೆ ಏರಿಸಿದೆ. 7.50. ಒಂದು ರೊಟ್ಟಿಗೆ ಉಳಿಯುವುದು 1.75 ಆಯಿತು, ಅಸಲು ಗಿಟ್ಟುವ ಮಟ್ಟ 18,000ದಿಂದ 12,900ರ ಒಳಗೆ ಇಳಿಯಿತು. ಅದೇ 14,000 ರೊಟ್ಟಿಗೆ ನನ್ನ ಕೂಲಿ ಬಂದು ಮೇಲೆ 2,000 ಉಳಿಯುತ್ತದೆ. ಇಬ್ಬರು ಗಿರಾಕಿಗಳು ಗೊಣಗಿದರು, ಯಾರೂ ಬಿಡಲಿಲ್ಲ. ಈ ಒಂದು ಪಾಠಕ್ಕೆ 3,000 ರೂಪಾಯಿ ಏನೂ ಅಲ್ಲ.

ಜಮಾ ಖರ್ಚಿನ ಪಾಠದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು. ಡೆಬಿಟ್, ಕ್ರೆಡಿಟ್, ಜರ್ನಲ್, ಲೆಡ್ಜರ್ ಎಂದು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು. ಪ್ರತಿ ವ್ಯವಹಾರವನ್ನು ಎರಡು ಕಡೆ ಬರೆಯುವ ಈ ಪದ್ಧತಿಯನ್ನು 1494ರಲ್ಲಿ ಇಟಲಿಯ ಲೂಕಾ ಪಾಚಿಯೋಲಿ ಎಂಬ ಸಂನ್ಯಾಸಿ ಪುಸ್ತಕದಲ್ಲಿ ಅಚ್ಚು ಹಾಕಿಸಿದನಂತೆ. ಕ್ಲಾಸಿನಲ್ಲಿ ಅರ್ಧ ಜನಕ್ಕೆ ಅರ್ಥ ಆಗಲಿಲ್ಲ, ನನಗೂ ಆಗಲಿಲ್ಲ. ಮನೆಗೆ ಬಂದು ಮಾವನ ಮುಂದೆ ಪುಸ್ತಕ ಇಟ್ಟೆ. ಅವರು ಗಂಜ್‌ನಲ್ಲಿ (ಸಗಟು ಮಾರುಕಟ್ಟೆ) ತೊಗರಿ ಅಡತ್ (ದಲ್ಲಾಳಿ) ಅಂಗಡಿಯಲ್ಲಿ ಗುಮಾಸ್ತರಾಗಿ ಮೂವತ್ತು ವರ್ಷ ಕೂತವರು. ಕನ್ನಡಕ ಹಾಕಿಕೊಂಡು ನೋಡಿ, "ಇದು ಕಿರ್ದಿ, ಇದು ಖತಾವಣಿ, ಇಷ್ಟಕ್ಕ ಯಾಕ ಅಂಜತಿಯವ್ವ" ಎಂದರು. ದಿನದ ವ್ಯವಹಾರ ನಡೆದ ಹಾಗೆ ಬರೆಯುವ ಜರ್ನಲ್ಲೇ ಕಿರ್ದಿ, ಅದನ್ನು ಒಬ್ಬೊಬ್ಬರ ಹೆಸರಿಗೆ ಬೇರೆ ಮಾಡಿ ಹಾಕುವ ಲೆಡ್ಜರೇ ಖತಾವಣಿ. ಅರ್ಧ ಗಂಟೆಯಲ್ಲಿ ತಿಳಿಯಿತು. ನಮ್ಮ ಮನೆಯಲ್ಲೇ ಇದ್ದ ಮಾತು ಇದು! ಈ ಕೋರ್ಸಿನ ದೊಡ್ಡ ಕೊರತೆ ಇದೇ. ಪಾಠ ಸರಿ ಇದೆ, ಆದರೆ ಅದನ್ನು ಈ ಊರಿನ ವ್ಯಾಪಾರದ ಮಾತಿನಲ್ಲಿ ಹೇಳುವುದಿಲ್ಲ. ತೊಗರಿಯ ಗಂಜ್ ಇಲ್ಲೇ ಇದೆ, ಅಡತ್ ಹೇಗೆ ನಡೆಯುತ್ತದೆ, ರೈತನ ಮಾಲು ಸವಾಲಿನಲ್ಲಿ (ಹರಾಜಿನಲ್ಲಿ) ಹೇಗೆ ಹೋಗುತ್ತದೆ ಎಂದು ಹನ್ನೆರಡು ವಾರದಲ್ಲಿ ಒಂದು ದಿನವೂ ಬರಲಿಲ್ಲ. ಉದಾಹರಣೆಗಳೆಲ್ಲ ಬೆಂಗಳೂರಿನ ಸ್ಟಾರ್ಟಪ್ಪು, ಇಲ್ಲವೇ ಅಮೆರಿಕದ ಕಂಪನಿ. ಒಂದು ಭಾನುವಾರ ನಮ್ಮನ್ನೆಲ್ಲ ಗಂಜ್‌ಗೆ ಕರೆದುಕೊಂಡು ಹೋಗಿ, ಒಬ್ಬ ಹಳೆಯ ಗುಮಾಸ್ತರ ಹತ್ತಿರ ಕೂರಿಸಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಮಾರ್ಕೆಟಿಂಗ್ ಹೇಳಿದ ಮೇಡಂ ಮಾತ್ರ ಊರನ್ನು ಮರೆಯಲಿಲ್ಲ. ಮಾಲು, ಬೆಲೆ, ಜಾಗ, ಪ್ರಚಾರ ಎಂಬ ನಾಲ್ಕರ ಲೆಕ್ಕವನ್ನು 1960ರಲ್ಲಿ ಜೆರೋಮ್ ಮೆಕಾರ್ಥಿ ಬರೆದರು ಎಂದು ಒಂದೇ ಸಾಲಿನಲ್ಲಿ ಮುಗಿಸಿ, ನೇರವಾಗಿ ನಮ್ಮ ತೊಗರಿ ಬೇಳೆಗೆ ಬಂದರು. ಗುಲ್ಬರ್ಗ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು, ಅಂದರೆ ಬೇರೆ ಕಡೆ ಬೆಳೆದ ಬೇಳೆಯನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ಊರಿನ ಹೆಸರೇ ಒಂದು ಆಸ್ತಿ, ನಿಮ್ಮ ಪ್ಯಾಕೆಟ್ಟಿನ ಮೇಲೆ ಅದು ಯಾಕಿಲ್ಲ ಎಂದು ಕೇಳಿದರು. ನನ್ನ ಪ್ಯಾಕೆಟ್ಟಿನ ಮೇಲೆ ಆಗ ಏನೂ ಇರಲಿಲ್ಲ, ಈಗ ಕಲಬುರಗಿ ಖಡಕ್ ರೊಟ್ಟಿ ಎಂದು ದೊಡ್ಡದಾಗಿ ಇದೆ. ಬೇಡಿಕೆ ವರ್ಷವಿಡೀ ಒಂದೇ ರೀತಿ ಇರುವುದಿಲ್ಲ ಎಂಬುದಕ್ಕೆ ಎಳ್ಳ ಅಮಾವಾಸ್ಯೆಯ ಉದಾಹರಣೆ ಕೊಟ್ಟರು. ಆ ವಾರ ಸಜ್ಜೆ ರೊಟ್ಟಿ ಎಷ್ಟು ಮಾಡಿದರೂ ಸಾಲದು, ಸಜ್ಜೆಯನ್ನು ಮುಂಚೆಯೇ ಕೊಂಡಿಟ್ಟುಕೊಳ್ಳಬೇಕು. ನಮ್ಮ ಬ್ಯಾಚಿನಲ್ಲಿ ಬೀದರ್‌ನಿಂದ ರೈಲಿನಲ್ಲಿ ಬರುತ್ತಿದ್ದ ಬಿದ್ರಿ ಕೆಲಸದ ತಮ್ಮ ಒಬ್ಬ ಇದ್ದ. ಸತು ಮತ್ತು ತಾಮ್ರದ ಎರಕಕ್ಕೆ ಬೆಳ್ಳಿ ಎಳೆ ಕೂರಿಸಿ, ಕೋಟೆಯ ಮಣ್ಣಿನಲ್ಲಿ ಕಪ್ಪು ಬಣ್ಣ ತರುವ ಕೆಲಸ. ಬೆಳ್ಳಿ ದರ ಏರಿದಾಗ ಅವನೂ ನನ್ನ ಹಾಗೆಯೇ ತನ್ನ ಕೂಲಿಯನ್ನು ಕತ್ತರಿಸಿಕೊಳ್ಳುತ್ತಿದ್ದ. ಅವನ ಲೆಕ್ಕ ಬೋರ್ಡಿನ ಮೇಲೆ ಬಂದ ದಿನ ಇಡೀ ಕ್ಲಾಸು ಅವನ ಜೊತೆ ಕೂತು ದರ ಹಾಕಿತು.

ಕಾನೂನಿನ ಪಾಠಕ್ಕೆ ಹೊರಗಿನಿಂದ ಒಬ್ಬ ವಕೀಲರು ಬಂದರು. ಎರಡೇ ವಾರ. ಇನ್ನೆರಡು ವಾರ ಬೇಕಿತ್ತು. ನನ್ನ ನೆಗೆಣ್ಣಿ ಈ ರೊಟ್ಟಿ ವ್ಯಾಪಾರಕ್ಕೆ 40,000 ಹಾಕಿದ್ದಾಳೆ, ದುಡಿಮೆ ನನ್ನದು, ಬಂದದ್ದರಲ್ಲಿ ಪಾಲು ಎಂದು ಬಾಯಿಮಾತಿನಲ್ಲಿ ಇತ್ತು. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಒಪ್ಪಂದ ಏನೂ ಇಲ್ಲದಿದ್ದರೆ ಲಾಭ ಸಮಪಾಲು, ದುಡಿದ ಪಾಲುದಾರರಿಗೆ ಬೇರೆ ಸಂಬಳವೂ ಇಲ್ಲ. ನೋಂದಣಿ ಕಡ್ಡಾಯ ಅಲ್ಲ, ಆದರೆ ನೋಂದಣಿ ಇಲ್ಲದ ಸಂಸ್ಥೆ ಬಾಕಿ ವಸೂಲಿಗೆ ಕೋರ್ಟಿಗೆ ಹೋಗಲು ಆಗುವುದಿಲ್ಲ. ಇಷ್ಟು ಕೇಳಿದ ಮೇಲೆ ಇಬ್ಬರೂ ಕೂತು ಮಾತಾಡಿ, ನನ್ನ 10,000 ಕೂಲಿ ತೆಗೆದು ಉಳಿದದ್ದರಲ್ಲಿ ಅರ್ಧ ಅರ್ಧ ಎಂದು ಪತ್ರ ಮಾಡಿಸಿದೆವು. ನೆಗೆಣ್ಣಿಗೂ ಅದೇ ಬೇಕಾಗಿತ್ತಂತೆ, ಕೇಳಲು ಸಂಕೋಚ ಪಟ್ಟಿದ್ದಳು.

ಉದ್ರಿಯ ವಿಷಯದಲ್ಲಿ ಕೋರ್ಸು ಅರ್ಧ ದಾರಿಗೆ ಬಿಟ್ಟಿತು. ಲಾಭ ಬೇರೆ, ಕೈಯಲ್ಲಿರುವ ರೊಕ್ಕ ಬೇರೆ ಎಂಬುದನ್ನು ಚೆನ್ನಾಗಿ ಹೇಳಿದರು. ನನ್ನ ತಿಂಗಳ ಮಾರಾಟ 1,05,000. ಅದರಲ್ಲಿ ಅರ್ಧ ತಿಂಗಳ ಉದ್ರಿ ಎಂದರೆ 52,500 ರೂಪಾಯಿ ಯಾವಾಗಲೂ ಹೋಟೆಲಿನವರ ಹತ್ತಿರವೇ ಇರುತ್ತದೆ. ಜೋಳಕ್ಕೆ ಮಾತ್ರ ನಗದು ಕೊಡಬೇಕು. ತಿಂಗಳ ಕೊನೆಗೆ ಕೈ ಖಾಲಿ ಯಾಕೆ ಎಂಬ ನನ್ನ ಪ್ರಶ್ನೆಗೆ ಉತ್ತರ ಅಲ್ಲಿತ್ತು. 2006ರ ಎಂಎಸ್‌ಎಂಇ ಕಾಯ್ದೆಯಲ್ಲಿ ಸಣ್ಣ ತಯಾರಕರಿಗೆ 45 ದಿನದ ಒಳಗೆ ಹಣ ಕೊಡಬೇಕು ಎಂದಿದೆ, ಅದಕ್ಕೆ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿ, ಅದು ಉಚಿತ, ಮಧ್ಯವರ್ತಿಗೆ ರೊಕ್ಕ ಕೊಡಬೇಡಿ ಎಂದು ಹೇಳಿದರು. ಮಾಡಿಸಿದೆ. ಆದರೆ ದಿನಾ ಮುಖ ನೋಡುವ ಖಾನಾವಳಿಯವರ ಹತ್ತಿರ ಕಾಯ್ದೆ ಹೇಳಿದರೆ ಗಿರಾಕಿ ಉಳಿಯುತ್ತಾರಾ? ಮನಸ್ಸು ಮುರಿಯದೆ ವಸೂಲಿ ಮಾಡುವುದು ಹೇಗೆ ಎಂಬುದಕ್ಕೆ ಪಾಠದಲ್ಲಿ ಜಾಗ ಇಲ್ಲ. ನಮ್ಮಂಥವರಿಗೆ ಅದೇ ದೊಡ್ಡ ಪ್ರಶ್ನೆ.

ಜಿಎಸ್‌ಟಿ ಬಗ್ಗೆ ಒಂದೇ ಗಂಟೆ, ಆದರೆ ಉಪಯೋಗದ್ದು. 2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ಸಣ್ಣ ಅಂಗಡಿಗಳಿಗೆ ನೋಟಿಸ್ ಬಂದಾಗಿನಿಂದ ನಮ್ಮಲ್ಲೂ ಕೆಲವರು ಸ್ಕ್ಯಾನರ್ ತೆಗೆದಿಟ್ಟಿದ್ದರು. ಸರಕು ಮಾರುವವರಿಗೆ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷದ ವಹಿವಾಟು, ಸೇವೆಗೆ 20 ಲಕ್ಷ ಎಂದು ತಿಳಿದ ಮೇಲೆ ನನ್ನ ಭಯ ಹೋಯಿತು.

ವ್ಯವಸ್ಥೆ ಸಾಧಾರಣ. ಏಪ್ರಿಲ್ ಬಿಸಿಲಿನಲ್ಲಿ ಮೇಲಿನ ಮಹಡಿಯ ಕೋಣೆ, ಎರಡು ಫ್ಯಾನು, ನಲವತ್ತು ಜನ. ಕುಡಿಯುವ ನೀರು ಮನೆಯಿಂದಲೇ ಒಯ್ಯಿರಿ. ಶರಣಬಸವೇಶ್ವರ ಜಾತ್ರೆಯ ವಾರವೂ ಕ್ಲಾಸು ಇಟ್ಟಿದ್ದರು, ವ್ಯಾಪಾರ ಮಾಡುವವರು ಆ ವಾರ ಹೇಗೆ ಬರಬೇಕು? ಪರೀಕ್ಷೆ ನನಗೆ ಬೇಸರ ತಂದಿತು. ಹನ್ನೆರಡು ವಾರ ನಮ್ಮ ಲೆಕ್ಕ ಕೇಳಿದವರು, ಕೊನೆಗೆ ವ್ಯಾಖ್ಯೆ ಬರೆಯಿರಿ ಎಂದು ಕೇಳಿದರು. ಕನ್ನಡದಲ್ಲಿ ಬರೆಯಲು ಬಿಟ್ಟರು, ಅದು ಒಳ್ಳೆಯದು.

ಸೇರುವವರು ಮೊದಲ ದಿನದಿಂದಲೇ ನಿಮ್ಮ ನೋಟ್‌ಬುಕ್ ಒಯ್ಯಿರಿ. ವ್ಯಾಪಾರ ಇಲ್ಲದ ಹುಡುಗರಾದರೆ ಮನೆಯ ಒಂದು ತಿಂಗಳ ಖರ್ಚನ್ನಾದರೂ ಬರೆದು ಒಯ್ಯಿರಿ, ಇಲ್ಲದಿದ್ದರೆ ಮೂರನೇ ವಾರದಿಂದ ಕೈ ಕಟ್ಟಿ ಕೂರಬೇಕಾಗುತ್ತದೆ.

ಕೊನೆಯ ಭಾನುವಾರ ಮಾವ ನನ್ನ ಕೈಯಲ್ಲಿ ಎರಡು ಹಾಳೆ ಬರೆಸಿ ಕಳಿಸಿದ್ದರು. ಎಡಗಡೆ ಕ್ಲಾಸಿನ ಇಂಗ್ಲಿಷ್ ಮಾತು, ಬಲಗಡೆ ಗಂಜ್‌ನ ಮಾತು, ಒಟ್ಟು ನಲವತ್ತು. ಲೆಕ್ಕದ ಸರ್ ನಿಂತಲ್ಲೇ ಪೂರ್ತಿ ಓದಿದರು. ಜೆರಾಕ್ಸ್ ಮಾಡಿಸಿ ಮುಂದಿನ ಬ್ಯಾಚಿಗೆ ಹಂಚುತ್ತೇನೆ, ಮಾವನವರನ್ನು ಒಂದು ದಿನ ಕರೆದುಕೊಂಡು ಬನ್ನಿ ಎಂದಿದ್ದಾರೆ. ಮಾವ ಆಗಲೇ ಇಸ್ತ್ರಿ ಮಾಡಿಸಿದ ಅಂಗಿ ತೆಗೆದಿಟ್ಟಿದ್ದಾರೆ.