ಫುಡ್ ಲೈಸೆನ್ಸ್ ಮಾಡಿಸುವ ಮುಂಚೆ ಇದನ್ನು ಓದಿ

ಮನೆಯಲ್ಲಿ ಚಟ್ನಿಪುಡಿ, ಉಪ್ಪಿನಕಾಯಿ, ಹಪ್ಪಳ, ಕೇಕ್ ಮಾಡಿ ಮಾರುವವರು ದಯವಿಟ್ಟು ಪೂರ್ತಿ ಓದಿ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಪ್ರಾಧಿಕಾರ) ನೋಂದಣಿ ಮಾಡಿಸಿಕೊಡುತ್ತೇವೆ ಅಂತ ಸರ್ಕಾರಿ ವೇಷ ಹಾಕಿಕೊಂಡು ಕೂತಿರುವ ಜಾಲತಾಣಗಳಿವೆ. 2024ರಲ್ಲಿ ನಮ್ಮ ಅತ್ತಿಗೆ ಅಂಥದ್ದೊಂದರ ಕೈಗೆ ಸಿಕ್ಕಿದರು.

ಅತ್ತಿಗೆ ಇರುವುದು ದಾವಣಗೆರೆ ಕಡೆ. ಅವರ ಶೇಂಗಾ ಚಟ್ನಿಪುಡಿ ಬೀದಿಯವರಿಗೆಲ್ಲ ಇಷ್ಟ. ಒಬ್ಬ ಅಂಗಡಿಯವರು, 'ಅಕ್ಕಾ, ಪ್ಯಾಕೆಟ್ ಮಾಡಿ ಕೊಡಿ, ಮಾರಿ ಕೊಡ್ತೀನಿ. ಆದರೆ ಪ್ಯಾಕೆಟ್ ಮೇಲೆ ಎಫ್‌ಎಸ್‌ಎಸ್‌ಎಐ ನಂಬರ್ ಇರಬೇಕು' ಅಂದರು. ಅವರು ಕೇಳಿದ್ದು ಸರಿಯೇ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ, ಮನೆಯಲ್ಲೇ ಮಾಡಿದರೂ ಮಾರುವುದಾದರೆ ನೋಂದಣಿ ಬೇಕು.

ಅತ್ತಿಗೆ ಮೊಬೈಲಿನಲ್ಲಿ ಹುಡುಕಿದರು. ಮೊದಲು ಬಂದದ್ದೇ ಒಂದು ಜಾಹೀರಾತು. ಒತ್ತಿದರೆ ತ್ರಿವರ್ಣದ ಪಟ್ಟಿ, ಅಶೋಕ ಚಕ್ರ, ಎಫ್‌ಎಸ್‌ಎಸ್‌ಎಐ ಲೋಗೋ, ಕೆಳಗೊಂದು ಅರ್ಜಿ. ಸರ್ಕಾರದ್ದಲ್ಲ ಅಂತ ಯಾರಿಗೂ ಅನಿಸುವಂತಿರಲಿಲ್ಲ. ಅರ್ಜಿ ತುಂಬಿದ ಕೂಡಲೇ ಫೋನ್ ಬಂತು. ಆಧಾರ್, ಪ್ಯಾನ್, ಫೋಟೋ ಕಳಿಸಿ, 2,499 ರೂಪಾಯಿ ಹಾಕಿ ಅಂದರು. ದುಡ್ಡು ಹೋಗಿದ್ದು ಯಾವುದೋ ಖಾಸಗಿ ವ್ಯಕ್ತಿಯ ಯುಪಿಐ ಖಾತೆಗೆ. ಆಗ ಸಣ್ಣ ತಯಾರಕರ ನೋಂದಣಿಗೆ ಸರ್ಕಾರದ ಶುಲ್ಕ ವರ್ಷಕ್ಕೆ 100 ರೂಪಾಯಿ ಅಷ್ಟೇ!

ಮಾರನೇ ದಿನವೇ ವಾಟ್ಸಾಪ್‌ಗೆ ಸರ್ಟಿಫಿಕೇಟ್ ಬಂತು. ಅತ್ತಿಗೆ ಖುಷಿಯಾಗಿ ಆ ನಂಬರ್ ಹಾಕಿಸಿ ಕವರ್ ಪ್ರಿಂಟ್ ಮಾಡಿಸಿದರು. ಅಂಗಡಿಯವರು ಎಫ್‌ಎಸ್‌ಎಸ್‌ಎಐನ ಫುಡ್ ಸೇಫ್ಟಿ ಕನೆಕ್ಟ್ ಆಪ್‌ನಲ್ಲಿ ನಂಬರ್ ಹಾಕಿ ನೋಡಿದರೆ, ಬೇರೆ ರಾಜ್ಯದ ಯಾವುದೋ ಎಣ್ಣೆ ಮಿಲ್ಲಿನ ಹೆಸರು ಬಂತು.

ನಂಬರ್ ಓದುವುದು ಹೇಗೆ ಅಂತ ಗೊತ್ತಿದ್ದರೆ ಆ ಸರ್ಟಿಫಿಕೇಟ್ ನೋಡಿದ ಕೂಡಲೇ ಅನುಮಾನ ಬರುತ್ತಿತ್ತು. ಒಟ್ಟು 14 ಅಂಕಿ. ಮೊದಲ ಅಂಕಿ 1 ಇದ್ದರೆ ದೊಡ್ಡ ತಯಾರಕರ ಲೈಸೆನ್ಸ್, 2 ಇದ್ದರೆ ಸಣ್ಣ ತಯಾರಕರ ನೋಂದಣಿ. ಮುಂದಿನ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 12. ಅದರ ಮುಂದಿನ ಎರಡು ಅಂಕಿ, ಕೊಟ್ಟ ವರ್ಷ. ಅಂದರೆ ನಮ್ಮ ರಾಜ್ಯದಲ್ಲಿ ಮನೆ ತಿಂಡಿ ಮಾಡುವವರ ನೋಂದಣಿ ಸಂಖ್ಯೆ 212ರಿಂದ ಶುರುವಾಗಬೇಕು. ಅತ್ತಿಗೆಗೆ ಕಳಿಸಿದ್ದು 1ರಿಂದ ಶುರುವಾಗಿತ್ತು. ಇಷ್ಟನ್ನು ನೋಡಿದ ಮೇಲೂ ಆಪ್‌ನಲ್ಲಿ ಒಮ್ಮೆ ಹಾಕಿ ನೋಡಿ. ನಿಮ್ಮದೇ ಹೆಸರು, ನಿಮ್ಮದೇ ವಿಳಾಸ ಬಂದರೆ ಮಾತ್ರ ಕವರ್ ಪ್ರಿಂಟ್‌ಗೆ ಕೊಡಿ. ಸರ್ಟಿಫಿಕೇಟ್ ಕಳಿಸಿದವರಿಗೆ ಅತ್ತಿಗೆ ಫೋನ್ ಮಾಡಿ ಕೇಳಿದರೆ, 'ಅಪ್‌ಡೇಟ್ ಆಗುತ್ತೆ ಮೇಡಂ' ಅಂದರು. ಆಮೇಲೆ ಫೋನ್ ಎತ್ತಲೇ ಇಲ್ಲ. ಪ್ರಿಂಟ್ ಆದ ಕವರ್‌ಗಳೆಲ್ಲ ದಂಡ.

ಆಮೇಲೆ ಅತ್ತಿಗೆಯನ್ನು ಕರೆದುಕೊಂಡು ಆಹಾರ ಸುರಕ್ಷತಾಧಿಕಾರಿಯ ಹತ್ತಿರ ಹೋದೆ. ಆ ನಕಲಿ ತಾಣದವರ ಮೇಲೆ ನನಗೆ ನಿಜವಾಗಿ ಸಿಟ್ಟು ಬಂದದ್ದು ಅಲ್ಲಿ. ನೋಂದಣಿ ಅಂದರೆ ಸುಮ್ನೆ ಒಂದು ಕಾಗದ ಅಲ್ಲ, ಅದರ ಜೊತೆ ಸ್ವಚ್ಛತೆಯ ಷರತ್ತುಗಳೂ ಬರುತ್ತವೆ. ನೀರು ಕುಡಿಯಲು ಯೋಗ್ಯವಾಗಿರಬೇಕು. ಕೈಗೆ ಗಾಯವಾಗಿದ್ದವರು, ವಾಂತಿ ಭೇದಿ ಇದ್ದವರು ಆಹಾರ ಮುಟ್ಟಬಾರದು. ಅಧಿಕಾರಿ, ಶೇಂಗಾ ಎಲ್ಲಿಂದ ತರುತ್ತೀರಿ, ಎಲ್ಲಿ ಇಡುತ್ತೀರಿ ಅಂತ ಮೊದಲು ಕೇಳಿದರು. ತೇವ ತಾಗಿದ ಶೇಂಗಾದಲ್ಲಿ ಬೂಷ್ಟು ಬೆಳೆದರೆ ಅಫ್ಲಾಟಾಕ್ಸಿನ್ ಅನ್ನುವ ವಿಷ ಸೇರುತ್ತದೆ. ಅದು ಲಿವರ್‌ಗೆ ಕೆಟ್ಟದ್ದು, ಹುರಿದರೂ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಬಣ್ಣ ಕೆಟ್ಟ, ಸುಕ್ಕುಗಟ್ಟಿದ, ಕಹಿ ವಾಸನೆಯ ಬೀಜಗಳನ್ನು ಹುರಿಯುವ ಮುಂಚೆಯೇ ಆರಿಸಿ ಎಸೆಯಬೇಕು. ಒಣಕೊಬ್ಬರಿಗೂ ಇದೇ ಮಾತು. ಶೇಂಗಾ ಕೆಲವರಿಗೆ ಅಲರ್ಜಿ, ಹಾಗಾಗಿ ಲೇಬಲ್ ಮೇಲೆ ಶೇಂಗಾ ಇದೆ ಅಂತ ಬೇರೆಯಾಗಿಯೇ ಬರೆಯಬೇಕು. ಅತ್ತಿಗೆ ಇದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡರು.

2,499 ರೂಪಾಯಿ ತಗೊಂಡವರು ಇದರಲ್ಲಿ ಒಂದು ಮಾತನ್ನೂ ಹೇಳಿರಲಿಲ್ಲ. ಆ ಸುಳ್ಳು ನಂಬರ್ ಹೊತ್ತ ಪ್ಯಾಕೆಟ್ ತಿಂದು ಯಾರದ್ದೋ ಮಗುವಿಗೆ ತೊಂದರೆ ಆಗಿದ್ದರೆ? ಅಧಿಕಾರಿಗಳು ನಂಬರ್ ಹಿಡಿದು ಹುಡುಕಿಕೊಂಡು ಹೋಗುತ್ತಿದ್ದದ್ದು ಬೇರೆ ರಾಜ್ಯದ ಎಣ್ಣೆ ಮಿಲ್ಲಿಗೆ. ಇತ್ತ ಅದೇ ಶೇಂಗಾದ ಚಟ್ನಿಪುಡಿ ಇನ್ನಷ್ಟು ಮನೆ ಸೇರುತ್ತಿತ್ತು. ಮೇಲಾಗಿ ತಪ್ಪು ಲೇಬಲ್ ಹಾಕಿ ಮಾರಿದರೆ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ 3 ಲಕ್ಷ ರೂಪಾಯಿವರೆಗೆ ದಂಡ ಇದೆ. ಅದು ಬೀಳುವುದು ಮಾರಿದವರ ಮೇಲೆ, ಏಜೆಂಟ್ ಮೇಲಲ್ಲ.

ಹಾಗಾಗಿ ಅರ್ಜಿಯನ್ನು ಫಾಸ್ಕಾಸ್ ಅನ್ನುವ ಸರ್ಕಾರಿ ಪೋರ್ಟಲ್‌ನಲ್ಲೇ ಹಾಕಿ. ವಿಳಾಸದ ಕೊನೆಯಲ್ಲಿ 'ಜಿಓವಿ ಡಾಟ್ ಇನ್' ಇದೆಯಾ ನೋಡಿ, ಲೋಗೋ ನೋಡಿ ನಂಬಬೇಡಿ. ನೋಂದಣಿಗೆ ಬೇಕಾಗುವುದು ಫೋಟೋ, ಗುರುತಿನ ಚೀಟಿ, ತಯಾರಿಸುವ ಜಾಗದ ವಿಳಾಸದ ದಾಖಲೆ. ಅರ್ಜಿ ತುಂಬಲು ಕಷ್ಟ ಅನಿಸಿದರೆ ಪರಿಚಯದ ಹುಡುಗರ ಸಹಾಯ ತಗೊಳ್ಳಿ, ಆದರೆ ಮೊಬೈಲ್ ನಂಬರ್, ಇಮೇಲ್ ನಿಮ್ಮದೇ ಇರಲಿ. ನಿಜವಾದ ನೋಂದಣಿ ಮಾಡಿಕೊಡುವ ಏಜೆಂಟರಲ್ಲೂ ಕೆಲವರು ತಮ್ಮ ನಂಬರ್ ಹಾಕಿಬಿಡುತ್ತಾರೆ. ಆಮೇಲೆ ಇಲಾಖೆಯ ಸಂದೇಶ, ನೋಟಿಸ್ ಎಲ್ಲ ಅವರಿಗೇ ಹೋಗುತ್ತದೆ. ಪ್ರತಿಸಲ ಅವರ ಕೈ ಕಾಯಬೇಕು, ಇದು ಬೇಕಾ?

ಇನ್ನೊಂದು ವಿಷಯ. ನಕಲಿ ತಾಣದಲ್ಲಿ ವಿವರ ಕೊಟ್ಟ ಮೇಲೆ ಅತ್ತಿಗೆಗೆ 'ಫುಡ್ ಇನ್‌ಸ್ಪೆಕ್ಟರ್' ಅಂತ ಒಬ್ಬ ಫೋನ್ ಮಾಡಿ, ಲೈಸೆನ್ಸ್ ರದ್ದಾಗುತ್ತೆ, ಈಗಲೇ ದಂಡ ಕಟ್ಟಿ ಅಂತ ಹೆದರಿಸಿದ. ಅಂಥ ಫೋನ್ ಬಂದರೆ ಹೆಸರು, ಕಚೇರಿ ಕೇಳಿ ಇಟ್ಟುಬಿಡಿ. ನಿಮ್ಮ ಜಿಲ್ಲೆಯ ಅಂಕಿತಾಧಿಕಾರಿ (ಆಹಾರ ಸುರಕ್ಷತೆಯ ಜಿಲ್ಲಾ ಅಧಿಕಾರಿ) ಕಚೇರಿಗೆ ಹೋಗಿ ವಿಚಾರಿಸಿ. ಎಫ್‌ಎಸ್‌ಎಸ್‌ಎಐ ಸಹಾಯವಾಣಿ 1800112100. ದುಡ್ಡು ಕಳಿಸಿ ಆಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಅವಕಾಶ ಜಾಸ್ತಿ. ಆಧಾರ್ ಪ್ರತಿ ಕಳಿಸಿದ್ದರೆ ಬೇರೆಯವರು ನಿಮ್ಮ ಬೆರಳಚ್ಚು ಬಳಸದ ಹಾಗೆ ಬಯೋಮೆಟ್ರಿಕ್ ಲಾಕ್ ಮಾಡಿ, ಆ ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆದು ದೂರಿನ ಜೊತೆ ಕೊಡಿ.