ಟೇಬಲ್ ಸಾ ಹಾಕಿಸುವವರೇ, ಫ್ರೀ ಬ್ಲೇಡಿನ ಆಸೆಗೆ ನೈಫ್ ಬಿಚ್ಚಿಸಬೇಡಿ

ಮನೆಯಲ್ಲಿ ಟೇಬಲ್ ಸಾ, ಅಂದರೆ ಟೇಬಲ್ಲಿನ ನಡುವೆ ಬ್ಲೇಡ್ ತಿರುಗುವ ಕಟ್ಟಿಗೆ ಕೊಯ್ಯುವ ಮಷಿನ್, ಹಾಕಿಸುವ ಯೋಚನೆ ಇದ್ದವರು ಇದನ್ನು ಪೂರ್ತಿ ಓದಿ. ಬ್ಲೇಡಿನ ಹಿಂದೆ ನಿಂತಿರುವ ಸಣ್ಣ ತಗಡು ಇರುತ್ತಲ್ಲ, ರೈವಿಂಗ್ ನೈಫ್, ಅದನ್ನು ಫಿಟ್ಟಿಂಗಿಗೆ ಬಂದವರು ಬಿಚ್ಚಿ ಪೆಟ್ಟಿಗೆಗೆ ಹಾಕಿದರೆ ಅವರನ್ನು ಹಾಗೇ ಹೋಗೋಕೆ ಬಿಡಬೇಡಿ. ವಾಪಸ್ ಹಾಕಿಸಿಕೊಂಡೇ ಕಳಿಸಿ.

ನಾನಿರೋದು ಕೊಪ್ಪಳದಲ್ಲಿ. ಮನೆ ಹಿಂದೆ ತಗಡಿನ ಶೆಡ್ ಇದೆ, ಬಿಡುವಾದಾಗ ಅಲ್ಲಿ ಕಟ್ಟಿಗೆ ಕೆಲಸ ಮಾಡ್ತೀನಿ. ಬಹಳ ಕಡೆ ಕೈಯಲ್ಲಿ ಹಿಡಿಯುವ ಕಟರ್ ಮಷಿನ್ನನ್ನೇ ಪ್ಲೈವುಡ್ ಹಲಗೆಯ ಕೆಳಗೆ ಉಲ್ಟಾ ಬಿಗಿದು ಟೇಬಲ್ ಮಾಡಿಕೊಂಡಿರುತ್ತಾರೆ. ಅದಕ್ಕೆ ಬ್ಲೇಡ್ ಮುಚ್ಚುವ ಗಾರ್ಡೂ ಇಲ್ಲ, ನೈಫೂ ಇಲ್ಲ. ಅದರ ಸಹವಾಸವೇ ಬೇಡ ಅಂತ ದುಡ್ಡು ಕೂಡಿಸಿ 10 ಇಂಚಿನ ಹೊಸ ಮಷಿನ್ ತಂದೆ. ಅಂಗಡಿಯ ಹೆಸರು ಬರೆಯಲ್ಲ. ಫಿಟ್ಟಿಂಗ್ ಫ್ರೀ, ಮೇಲೊಂದು ಬ್ಲೇಡೂ ಫ್ರೀ ಅಂದರು.

ಫಿಟ್ಟಿಂಗ್ ಹುಡುಗ ಬಲು ಚುರುಕು. ಕಾಲು ಜೋಡಿಸಿದ, ಟೇಬಲ್ ಕೂರಿಸಿದ, ಕಂಪನಿ ಬ್ಲೇಡ್ ತೆಗೆದು ಫ್ರೀ ಬ್ಲೇಡ್ ಹಾಕಿದ. "ಇದು 80 ಹಲ್ಲಿಂದು ಸರ್, ಫಿನಿಶಿಂಗ್ ಬೆಣ್ಣಿ ಕೊಯ್ದಂಗ ಬರ್ತದ ನೋಡ್ರಿ" ಅಂದ. ಪ್ಲೈವುಡ್ ತುಂಡು ಒಂದನ್ನು ತಳ್ಳಿದ. ಅರ್ಧಕ್ಕೆ ಬಂದು ನೈಫಿಗೆ ತಾಗಿ ನಿಂತಿತು, ಮುಂದಕ್ಕೆ ಹೋಗಲೇ ಇಲ್ಲ. ಎರಡನೇ ಯೋಚನೆ ಮಾಡದೆ ಪಾನಾ ತಗೊಂಡು ನೈಫ್ ಬಿಚ್ಚಿದ. ಈ ಮಷಿನ್ನಿನಲ್ಲಿ ಗಾರ್ಡ್ ಕೂರೋದೂ ನೈಫಿನ ಮೇಲೆಯೇ, ಹಾಗಾಗಿ ಅದೂ ಹೋಯಿತು. ಯಾಕಪ್ಪ ಅಂತ ಕೇಳಿದರೆ, "ಅದನ್ನ ಯಾರೂ ಹಾಕಂಗಿಲ್ರಿ ಸರ್, ಸುಮ್ನ ಅಡ್ಡ ಬರ್ತದ." ಆಮೇಲೆ ಪ್ಲೈವುಡ್ ಚೆನ್ನಾಗಿಯೇ ಕೊಯ್ದು ತೋರಿಸಿ, ಹಾಳೆ ಮೇಲೆ ಸಹಿ ತಗೊಂಡು ಹೋದ.

ಪ್ಲೈವುಡ್ ಸಿಕ್ಕಿಕೊಂಡಿದ್ದು ಯಾಕೆ ಅಂತ ಆಮೇಲೆ ವರ್ನಿಯರ್ ಹಿಡಿದು ನೋಡಿದಾಗ ಗೊತ್ತಾಯಿತು. ನೈಫಿನ ಮೇಲೇ ದಪ್ಪ ಕೊರೆದಿದೆ, 2.3 ಮಿ.ಮೀ. ಕಂಪನಿ ಬ್ಲೇಡಿನ ಹಲ್ಲು 2.8 ಮಿ.ಮೀ. ಅಗಲ, ನೈಫ್ ಆರಾಮಾಗಿ ಆ ಸೀಳಿನಲ್ಲಿ ಹೋಗುತ್ತದೆ. ಫ್ರೀ ಬ್ಲೇಡಿನ ಹಲ್ಲು ಬರೀ 2.2. ಸೀಳೇ ನೈಫಿಗಿಂತ ಸಣ್ಣದಾದರೆ ಹಲಗೆ ಹೋಗೋದಾದರೂ ಹೇಗೆ? ಬಿಚ್ಚಬೇಕಾಗಿದ್ದು ಆ ಬ್ಲೇಡನ್ನು. ಅವನು ಬಿಚ್ಚಿದ್ದು ನೈಫನ್ನು. ನೈಫಿನ ದಪ್ಪ ಬ್ಲೇಡಿನ ತಗಡಿಗಿಂತ ಜಾಸ್ತಿ, ಹಲ್ಲಿನ ಅಗಲಕ್ಕಿಂತ ಕಡಿಮೆ ಇರಬೇಕು. ಅಂಗಡಿಯಲ್ಲೇ ಈ ಅಳತೆ ನೋಡಿ ಬ್ಲೇಡ್ ತಗೊಳ್ಳಿ.

ಪ್ಲೈವುಡ್ ಕೊಯ್ಯುವಾಗ ಏನೂ ಗೊತ್ತಾಗಲ್ಲ, ಅದು ಅಲುಗಾಡುವ ವಸ್ತು ಅಲ್ಲ. ಕಿನ್ನಾಳದ ಗೊಂಬೆ ಮಾಡುವ ಹಗುರ ಕಟ್ಟಿಗೆಯ ಕಥೆ ಬೇರೆ, ನಮ್ಮ ಹಿತ್ತಲ ಬೇವಿನ ಕಥೆ ಬೇರೆ. ಬೇವಿನ ಹಲಗೆಯನ್ನು ಉದ್ದಕ್ಕೆ ಸೀಳುತ್ತಾ ಹೋದ ಹಾಗೆ ಒಳಗಿನ ಬಿಗಿ ಸಡಿಲಾಗಿ ಎರಡೂ ಹೋಳು ಬ್ಲೇಡಿನ ಹಿಂದೆ ಒಂದಕ್ಕೊಂದು ಮುಚ್ಚಿಕೊಳ್ಳಬಹುದು. ಬ್ಲೇಡಿನ ಹಿಂಭಾಗದ ಹಲ್ಲು ಕೆಳಗಿನಿಂದ ಮೇಲಕ್ಕೆ ಏಳುತ್ತವೆ, ನಿಮ್ಮ ಕಡೆಗೇ ಬರುತ್ತವೆ. ಹಲಗೆ ಅವಕ್ಕೆ ಸಿಕ್ಕರೆ ಎತ್ತಿ ಎಸೆಯುತ್ತವೆ. ನನ್ನ ಮಷಿನ್ನಿನಲ್ಲಿ ಬ್ಲೇಡ್ ನಿಮಿಷಕ್ಕೆ 4,800 ಸುತ್ತು. 10 ಇಂಚಿನ ಬ್ಲೇಡಿಗೆ ಲೆಕ್ಕ ಹಾಕಿದರೆ ಹಲ್ಲಿನ ವೇಗ ಗಂಟೆಗೆ ಸುಮಾರು 230 ಕಿ.ಮೀ. ಸೀಳು ಮುಚ್ಚದಂತೆ ನಡುವೆ ನಿಲ್ಲೋದಕ್ಕೇ ನೈಫ್ ಇರೋದು.

ಆ ಹುಡುಗ ಹೋದ ಮೇಲೆ ನೈಫ್ ಇಲ್ಲದೆಯೇ ಬೇವಿನ ಹಲಗೆ ಸೀಳಲು ಹೋಗಿದ್ದೆ. ಅರ್ಧ ದಾಟಿರಬೇಕು. ಮೋಟರ್ ಸದ್ದು ಇಳಿಯಿತು, ಸುಟ್ಟ ವಾಸನೆ ಬಂತು, ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ ಢಂ ಅಂತು. ಫೆನ್ಸ್ (ಹಲಗೆ ನೇರ ಹೋಗಲು ಬ್ಲೇಡಿನ ಪಕ್ಕ ಇರುವ ಆಸರೆ ಪಟ್ಟಿ) ಪಕ್ಕದ ಹೋಳು ನನ್ನ ಸೊಂಟ ಸವರಿಕೊಂಡು ಹೋಗಿ ಹಿಂದಿನ ತಗಡಿಗೆ ಬಡಿಯಿತು. ಎಡಗೈ ಹೆಬ್ಬೆರಳಿನ ಉಗುರು ಸೀಳಿತು, ಅಷ್ಟಕ್ಕೇ ಮುಗಿಯಿತು. ಬ್ಲೇಡಿನ ನೇರಕ್ಕೆ ನಿಲ್ಲದೆ ಸ್ವಲ್ಪ ಎಡಕ್ಕೆ ನಿಂತಿದ್ದರಿಂದ ಹೊಟ್ಟೆ ಉಳಿಯಿತು. ಆ ಹೋಳು ಎತ್ತಿ ತಿರುಗಿಸಿ ನೋಡಿದೆ. ಅಂಚಿನುದ್ದಕ್ಕೂ ಕಪ್ಪಗೆ ಸುಟ್ಟ ಗೆರೆ. ಅಡಿಯಲ್ಲಿ ಕಮಾನಿನಂತೆ ಬಾಗಿದ ಗೀರು, ಒಂದು ತುದಿಯಲ್ಲಿ ಆಳ, ಇನ್ನೊಂದು ತುದಿಯಲ್ಲಿ ತೆಳು. ಹಲಗೆ ಬ್ಲೇಡಿನ ಮೇಲೆ ಹತ್ತಿ ತಿರುಗಿದಾಗ ಬೀಳುವ ಗುರುತು ಅದು. ನಿಮ್ಮ ಶೆಡ್ಡಿನಲ್ಲಿ ಯಾವುದಾದರೂ ತುಂಡಿನ ಅಡಿ ಇಂಥ ಗೀರು ಕಂಡರೆ ಮಷಿನ್ ಬಂದ್ ಮಾಡಿ ಮೊದಲು ಫೆನ್ಸ್ ನೋಡಿ.

ಯಾಕಂದರೆ ನಮ್ಮದರಲ್ಲಿ ಫೆನ್ಸೂ ಸೊಟ್ಟ ಇತ್ತು. ಆ ಹುಡುಗ ಸ್ಕೇಲ್ ಹೊರಗೆ ತೆಗೆದಿರಲೇ ಇಲ್ಲ. ಪ್ಲಗ್ ಕಿತ್ತಿಟ್ಟು, ಬ್ಲೇಡ್ ಪೂರ್ತಿ ಮೇಲೆತ್ತಿ, ಒಂದು ಹಲ್ಲಿಗೆ ಚಾಕ್‌ಪೀಸ್ ಗುರುತು ಹಾಕಿ. ಆ ಹಲ್ಲು ಮುಂದಿರುವಾಗ ಟೇಬಲ್ ಮೇಲೆ ಉದ್ದಕ್ಕೆ ಕೊರೆದಿರುವ ತೋಡಿಗೂ ಅದಕ್ಕೂ ಎಷ್ಟು ದೂರ ಅಂತ ಅಳೆಯಿರಿ. ಬ್ಲೇಡ್ ಕೈಯಲ್ಲಿ ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ತಂದು ಮತ್ತೆ ಅಳೆಯಿರಿ. ಬೇರೆ ಹಲ್ಲಿನಿಂದ ಅಳೆದರೆ ಬ್ಲೇಡಿನ ಸೊಟ್ಟ ಅಳತೆಯಲ್ಲಿ ಸೇರಿಕೊಳ್ಳುತ್ತದೆ. ಇದು ಸರಿ ಇದ್ದ ಮೇಲೆ ಫೆನ್ಸನ್ನು ಅದೇ ತೋಡಿಗೆ ಸಮ ಮಾಡಿ. ನಮ್ಮ ಫೆನ್ಸ್ ಹಿಂದುಗಡೆ 2 ಮಿ.ಮೀ. ಬ್ಲೇಡಿನ ಕಡೆ ವಾಲಿತ್ತು. ಅಂದರೆ ಹಲಗೆ ಮುಂದಕ್ಕೆ ಹೋದಷ್ಟೂ ಹಿಂದಿನ ಹಲ್ಲಿಗೆ ಒತ್ತಿಕೊಳ್ಳುತ್ತಿತ್ತು. ಹಿಂದೆ ಕೂದಲೆಳೆಯಷ್ಟು ಜಾಸ್ತಿ ಜಾಗ ಇದ್ದರೂ ನಡೆಯುತ್ತದೆ, ಕಡಿಮೆ ಮಾತ್ರ ಇರಕೂಡದು. ಇನ್ನು 80 ಹಲ್ಲಿನ ಬ್ಲೇಡ್ ಅಡ್ಡ ಕೊಯ್ಯೋಕೆ, ಪ್ಲೈವುಡ್ಡಿಗೆ ಚೆಂದ. ದಪ್ಪ ಹಲಗೆ ಉದ್ದಕ್ಕೆ ಸೀಳೋಕೆ 24 ಹಲ್ಲಿನದು ಹಾಕಿ.

ಕರೆಂಟಿನ ವಿಷಯ ಬೇಗ ಹೇಳಿ ಬಿಡ್ತೀನಿ. 16 ಆಂಪಿಯರ್ ಪಾಯಿಂಟ್, ಸರಿಯಾದ ಅರ್ಥಿಂಗ್ ಬೇಕೇ ಬೇಕು. ಸಣ್ಣ ವೈರಿನ ಎಕ್ಸ್‌ಟೆನ್ಶನ್ ಬೇಡ. ಮತ್ತೆ, ನಮ್ಮ ಕಡೆ ಕರೆಂಟ್ ಹೋಗೋದು ಬರೋದು ಇದ್ದದ್ದೇ ಅಲ್ವಾ? ಕರೆಂಟ್ ಹೋದಾಗ ಸ್ವಿಚ್ ಆನ್ ಇದ್ದರೆ, ವಾಪಸ್ ಬಂದಾಗ ಕೆಲವು ಮಷಿನ್ನಿನ ಬ್ಲೇಡ್ ತಾನೇ ತಿರುಗಲು ಶುರು ಮಾಡುತ್ತದೆ. ಟೇಬಲ್ ಮೇಲೆ ಏನೂ ಇಡದೆ ಮಷಿನ್ ಚಾಲು ಮಾಡಿ, ಗೋಡೆಯ ಸ್ವಿಚ್ ಆಫ್ ಮಾಡಿ, ಬ್ಲೇಡ್ ನಿಂತ ಮೇಲೆ ದೂರದಿಂದಲೇ ಮತ್ತೆ ಆನ್ ಮಾಡಿ. ತಿರುಗಿತು ಅಂದರೆ ಆ ಸ್ವಿಚ್ ಬದಲಿಸಿ, ಎನ್‌ವಿಆರ್ (ನೋ-ವೋಲ್ಟ್ ರಿಲೀಸ್) ಸ್ವಿಚ್ ಅಂತ ಕೇಳಿದರೆ ಕೊಡ್ತಾರೆ.

ಅಂಗಡಿಗೆ ಫೋನ್ ಮಾಡಿದೆ, ಫೋಟೋನೂ ಕಳಿಸಿದೆ. ಗ್ಯಾರಂಟಿ ಮೋಟರಿಗೆ ಮಾತ್ರ ಅಂದರು. "ಫಿಟ್ಟಿಂಗ್ ಸರಿ ಐತಿ ಅಂತ ನೀವೇ ಸಹಿ ಮಾಡೀರಲ್ಲ ಸರ್" ಅಂತ ನನಗೇ ತಿರುಗಿಸಿದರು. ನಿಮ್ಮ ಮುಂದೆ ಆ ಹಾಳೆ ಬಂದಾಗ ಪೆನ್ನು ಆಮೇಲೆ ತೆಗೀರಿ. ನೈಫ್ ಹಾಕಿಸಿ, ಗಾರ್ಡ್ ಕೂರಿಸಿ, ನಿಮ್ಮ ಮನೆಯ ಕಟ್ಟಿಗೆಯ ಉದ್ದ ಹಲಗೆ ಒಂದನ್ನು ಅವರ ಕೈಯಿಂದಲೇ ಪೂರ್ತಿ ಸೀಳಿಸಿ ನೋಡಿ.