ನಾಲ್ಕು ಆಲ್ಬಮ್, ಒಂದು ಬೇಸ್ ಗಿಟಾರ್: ಪೋಸ್ಟ್-ಪಂಕ್‌ನಲ್ಲಿ ನನಗೆ ಹಿಡಿಸಿದ್ದು ಯಾವುದು

"ಪೋಸ್ಟ್-ಪಂಕ್ ಅಂದ್ರೆ ಏನು?" ಅಂತ ಯಾರಾದರೂ ಕೇಳಿದರೆ ನಾನು ತಡವರಿಸುತ್ತಿದ್ದೆ. ಪಂಕ್ ಅನ್ನುವ ಅಬ್ಬರದ ರಾಕ್ ಸಂಗೀತ ಆದಮೇಲೆ ಬಂದದ್ದು ಅಂದುಬಿಡಬಹುದು, ಆದರೆ ತಾರೀಖು ನೋಡಿದರೆ ಅದೂ ನಿಲ್ಲುವುದಿಲ್ಲ. ಪೋಸ್ಟ್-ಪಂಕ್ ಪಟ್ಟಿಗಳಲ್ಲಿ ತಪ್ಪದೆ ಕಾಣುವ ನ್ಯೂಯಾರ್ಕ್‌ನ ಟೆಲಿವಿಷನ್ ಬ್ಯಾಂಡಿನ ಮೊದಲ ಆಲ್ಬಮ್ ಬಂದದ್ದು 1977ರ ಫೆಬ್ರುವರಿಯಲ್ಲಿ. ಪಂಕ್ ಅಂದರೆ ಮೊದಲು ನೆನಪಾಗುವ ಸೆಕ್ಸ್ ಪಿಸ್ಟಲ್ಸ್ ಬ್ಯಾಂಡಿನ ಆಲ್ಬಮ್ ಬಂದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ತಮ್ಮ ಹುಟ್ಟಿದ ಮೇಲೆ ಅಣ್ಣ ಹುಟ್ಟಿದ ಹಾಗಾಯಿತು.

ಓದಿ ತಿಳಿಯುವ ಬದಲು ಕೇಳಿಯೇ ನೋಡೋಣ ಅಂತ ಒಂದು ತಿಂಗಳು ಇಟ್ಟುಕೊಂಡೆ. ವಾರಕ್ಕೊಂದು ಆಲ್ಬಮ್, ಬೇರೇನೂ ಇಲ್ಲ. ವಾಯರ್‌ನ 'ಪಿಂಕ್ ಫ್ಲ್ಯಾಗ್' (1977), ಜಾಯ್ ಡಿವಿಷನ್‌ನ 'ಅನ್‌ನೋನ್ ಪ್ಲೆಷರ್ಸ್', ಗ್ಯಾಂಗ್ ಆಫ್ ಫೋರ್‌ನ 'ಎಂಟರ್‌ಟೈನ್‌ಮೆಂಟ್!', ಪಬ್ಲಿಕ್ ಇಮೇಜ್ ಲಿಮಿಟೆಡ್‌ನ 'ಮೆಟಲ್ ಬಾಕ್ಸ್'. ಕೊನೆಯ ಮೂರೂ 1979ರವು: ಜೂನ್, ಸೆಪ್ಟೆಂಬರ್, ನವೆಂಬರ್. ನನಗೆ ಬರುವುದು ಬೇಸ್ ಗಿಟಾರ್, ಅಂದರೆ ತಗ್ಗಿನ ಸ್ವರಗಳ ಗಿಟಾರ್, ಒಂದೇ, ಅದೂ ಸುಮಾರಾಗಿ. ಹಾಗಾಗಿ ಪ್ರತಿ ಆಲ್ಬಮ್‌ನಿಂದ ಒಂದು ಹಾಡಿನ ಬೇಸ್ ಕಲಿಯಬೇಕು ಅನ್ನುವ ನಿಯಮವನ್ನೂ ಹಾಕಿಕೊಂಡೆ. ಈ ನಿಯಮ ಇಲ್ಲದಿದ್ದರೆ ನನ್ನ ತೀರ್ಪು ಬೇರೆಯೇ ಆಗುತ್ತಿತ್ತು.

ವಾಯರ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಅವರ ಹಾಡುಗಳ ಹಾಗೇ. ಸುಮಾರು 35 ನಿಮಿಷದಲ್ಲಿ 21 ಹಾಡು. ಒಂದು ಹಾಡಂತೂ ಅರ್ಧ ನಿಮಿಷವೂ ಇಲ್ಲ. ಹೇಳಬೇಕಾದದ್ದು ಮುಗಿಯಿತಾ, ಹಾಡೂ ಮುಗಿಯಿತು. ಮತ್ತೊಮ್ಮೆ ಪಲ್ಲವಿ ಹಾಡಿ ನಮ್ಮನ್ನು ಬೀಳ್ಕೊಡುವ ಸೌಜನ್ಯ ಇಲ್ಲ. ಮೊದಲ ದಿನ ಇದು ಬರೀ ಪಂಕ್ ಅಲ್ವಾ ಅನ್ನಿಸಿತು. ಮೂರನೇ ದಿನ ಗೊತ್ತಾಯಿತು: ಪಂಕ್‌ನವರಿಗೆ ಅವಸರವಿತ್ತು, ಇವರಿಗೆ ಅವಸರವಿಲ್ಲ. ಕತ್ತರಿ ಹಿಡಿದು ಕೂತು, ಅಳೆದು ಕತ್ತರಿಸಿದ್ದಾರೆ. ಬೇಸ್ ಕಲಿಯಲು ಒಂದು ಸಂಜೆ ಸಾಕಾಯಿತು.

ಜಾಯ್ ಡಿವಿಷನ್ ಗೆಲ್ಲುತ್ತದೆ ಅಂತ ಮೊದಲೇ ಅಂದುಕೊಂಡಿದ್ದೆ. ಆ ಕಪ್ಪು ಮುಖಪುಟ ಯಾರಿಗೆ ಗೊತ್ತಿಲ್ಲ? ವಿನ್ಯಾಸಕಾರ ಪೀಟರ್ ಸ್ಯಾವಿಲ್ ಅದರಲ್ಲಿ ಬಳಸಿದ್ದು ಒಂದು ಪಲ್ಸಾರ್ ನಕ್ಷತ್ರದ ರೇಡಿಯೋ ಅಲೆಗಳ ಗೆರೆಗಳನ್ನು. ಆಲ್ಬಮ್ ಹೆಸರೇ ಕೇಳದವರೂ ಆ ಟೀಶರ್ಟ್ ಹಾಕಿಕೊಂಡು ಓಡಾಡುತ್ತಾರೆ. ರಾತ್ರಿ, ದೀಪ ಆರಿಸಿ, ಹೆಡ್‌ಫೋನ್ ಹಾಕಿ ಕೇಳಿದರೆ ಇದಕ್ಕೆ ಸಾಟಿ ಇಲ್ಲ, ನಿಜ. ಅದಕ್ಕೆ ಅರ್ಧ ಕಾರಣ ನಿರ್ಮಾಪಕ ಮಾರ್ಟಿನ್ ಹ್ಯಾನೆಟ್. ಒಂದು ಸದ್ದು ಇನ್ನೊಂದಕ್ಕೆ ಬೆರೆಯಬಾರದು ಅಂತ ಡ್ರಮ್ಸ್‌ನ ಒಂದೊಂದು ಭಾಗವನ್ನೂ ಬೇರೆ ಬೇರೆಯಾಗಿ ನುಡಿಸಿ ರೆಕಾರ್ಡ್ ಮಾಡಿಸುತ್ತಿದ್ದ. ಹಾಗಾಗಿ ನಾಲ್ವರೂ ನಾಲ್ಕು ಖಾಲಿ ಕೋಣೆಗಳಲ್ಲಿ ನಿಂತು ನುಡಿಸಿದ ಹಾಗೆ ಕೇಳುತ್ತದೆ. ಬ್ಯಾಂಡಿನವರಿಗೆ ಆಗ ಇದು ಇಷ್ಟವಾಗಿರಲಿಲ್ಲ. ವೇದಿಕೆ ಮೇಲಿನ ತಮ್ಮ ಅಬ್ಬರವೇ ಹೋಯಿತು ಅಂತ ಬೇಸ್ ನುಡಿಸುವ ಪೀಟರ್ ಹುಕ್‌ಗೂ ಗಿಟಾರ್ ನುಡಿಸುವ ಬರ್ನಾರ್ಡ್ ಸಮ್ನರ್‌ಗೂ ಬೇಸರ.

ಹುಕ್‌ನ ಬೇಸ್ ಕಲಿಯಲು ನಾನು ಕೂತಾಗ ನನಗೊಂದು ಮಜಾ ಸಿಕ್ಕಿತು. ನನ್ನ ಎಡಗೈ ತಾನಾಗಿಯೇ ಗಿಟಾರಿನ ಕತ್ತಿನಲ್ಲಿ ಮೇಲಿನ ಸ್ವರಗಳ ಕಡೆ ಜಾರಿತು. ಬೇಸ್ ನುಡಿಸುವವರು ಸಾಮಾನ್ಯವಾಗಿ ಹೋಗದ ಜಾಗ ಅದು. ಹುಕ್ ಅಲ್ಲಿಗೆ ಹೋದದ್ದು ಕಲೆಗಾಗಿ ಅಲ್ಲ. ಅವನ ಆಂಪ್ (ಸದ್ದು ಹೆಚ್ಚಿಸುವ ಪೆಟ್ಟಿಗೆ) ಸುಮಾರಾಗಿತ್ತು, ಪಕ್ಕದಲ್ಲಿ ಸಮ್ನರ್ ಗಿಟಾರ್ ಜೋರಾಗಿತ್ತು, ಕೆಳಗಿನ ಸ್ವರ ಅವನಿಗೇ ಕೇಳುತ್ತಿರಲಿಲ್ಲ. ಕೇಳಿಸಲಿ ಅಂತ ಮೇಲೆ ಹೋದ. ಅಲ್ಲಿಂದ ಬೇಸ್ ರಾಗ ಹಾಡಿತು, ಗಿಟಾರ್ ಹಿಂದೆ ಸರಿದು ಗೋಡೆಗೆ ಬಣ್ಣ ಬಳಿಯುವ ಕೆಲಸ ಹಿಡಿಯಿತು.

ಆದರೂ ವಾರದ ಕೊನೆಗೆ ನನಗೆ ಸುಸ್ತಾಯಿತು. ಬ್ಯಾಂಡಿನ ಗಾಯಕ ಇಯಾನ್ ಕರ್ಟಿಸ್ 1980ರ ಮೇ 18ರಂದು, 23ನೇ ವಯಸ್ಸಿಗೇ ತೀರಿಹೋದ ಅನ್ನುವುದನ್ನು ಮರೆತು ಕೇಳಲು ನೋಡಿದೆ. ಆಗಲಿಲ್ಲ. ಪ್ರತಿ ಸಾಲೂ ಅಲ್ಲಿಗೇ ಕೈ ತೋರಿಸುತ್ತದೆ. ತಪ್ಪು ಆಲ್ಬಮ್‌ನದಲ್ಲ, ನನ್ನದು.

'ಮೆಟಲ್ ಬಾಕ್ಸ್' ವಿಷಯದಲ್ಲಿ ಶುರುವಿನಲ್ಲೇ ಒಂದು ಪೆದ್ದುತನ ಮಾಡಿದೆ. ಎರಡು ದಿನ ಫೋನಿನ ಸ್ಪೀಕರ್‌ನಲ್ಲೇ ಕೇಳಿ, "ಇದಕ್ಕೇನು ಇಷ್ಟು ಹೊಗಳಿಕೆ?" ಅಂದುಕೊಂಡೆ. ಗಾಯಕ ಜಾನ್ ಲೈಡನ್‌ನ ಗೋಳು, ಕೀತ್ ಲೆವೀನ್‌ನ ಗಿಟಾರ್ ತಗಡು ಗೀಚಿದ ಹಾಗೆ, ಅಷ್ಟೇ. ಮೂರನೇ ದಿನ ದೊಡ್ಡ ಸ್ಪೀಕರ್‌ಗೆ ಹಾಕಿದೆ. ಮೇಜಿನ ಮೇಲಿದ್ದ ಪೆನ್ನು ಮೆಲ್ಲಗೆ ಅಂಚಿನ ಕಡೆ ಉರುಳತೊಡಗಿತು. ಜಾ ವಾಬಲ್‌ನ ಬೇಸ್! ಫೋನ್ ಇಡೀ ಆಲ್ಬಮ್‌ನ ಅರ್ಧವನ್ನೇ ನುಂಗಿಬಿಟ್ಟಿತ್ತು. ವಾಬಲ್ ಕಿವಿ ಪಳಗಿದ್ದು ಬೇಸ್‌ಗೇ ಮೊದಲ ಜಾಗ ಕೊಡುವ ಜಮೈಕಾದ ಡಬ್ ಮತ್ತು ರೆಗ್ಗೆ ಸಂಗೀತದಲ್ಲಿ. ಮೊದಲು ಈ ಆಲ್ಬಮ್ ಬಂದದ್ದೂ ಹಾಗೇ, ಬೇಸ್‌ಗೆ ಜಾಗ ಸಿಗಲಿ ಅಂತ ನಿಮಿಷಕ್ಕೆ 45 ಸುತ್ತು ತಿರುಗುವ ಮೂರು 12 ಇಂಚಿನ ತಟ್ಟೆಗಳಲ್ಲಿ, ಸಿನಿಮಾ ರೀಲಿನ ಡಬ್ಬಿಯಂಥ ಲೋಹದ ಡಬ್ಬಿಯೊಳಗೆ.

ಮೊದಲ ಹಾಡು ಹತ್ತು ನಿಮಿಷಕ್ಕೂ ಜಾಸ್ತಿ. ಬೇಸ್ ಸುಲಭ, ಒಂದೇ ತುಣುಕು ಸುತ್ತಿ ಸುತ್ತಿ ಬರುತ್ತದೆ. ಮೂರನೇ ನಿಮಿಷಕ್ಕೆ ಬೇಜಾರಾಯಿತು. ಆರನೇ ನಿಮಿಷಕ್ಕೆ ಬೇಜಾರು ತಾನೇ ಹೋಯಿತು. ಎಂಟರ ಹೊತ್ತಿಗೆ ಬೆರಳು ನನ್ನದಲ್ಲ ಅನ್ನಿಸುತ್ತಿತ್ತು. ಇದೇ ಆಲ್ಬಮ್‌ನಲ್ಲಿ ಲೈಡನ್ ತೀರಿಕೊಂಡ ತಾಯಿಯ ಬಗ್ಗೆ ಹಾಡುವ ಹಾಡಿದೆ. ಅದರಲ್ಲಿ ಲೆವೀನ್ ಗಿಟಾರಿನಲ್ಲಿ ಚೈಕೋವ್‌ಸ್ಕಿಯ 'ಸ್ವಾನ್ ಲೇಕ್' ಧಾಟಿಯನ್ನು ಎಳೆದು ತರುತ್ತಾನೆ. ಹಿಂದಿನ ವರ್ಷವಷ್ಟೇ ಸೆಕ್ಸ್ ಪಿಸ್ಟಲ್ಸ್ ಬಿಟ್ಟು ಬಂದ ಲೈಡನ್‌ನ ಹಾಡು ಅಂದರೆ ನಂಬಿಕೆ ಬರುವುದಿಲ್ಲ.

ಗ್ಯಾಂಗ್ ಆಫ್ ಫೋರ್ ಲೀಡ್ಸ್‌ನವರು. ಬಂಡವಾಳವನ್ನು ಬೈಯುವ ಹಾಡುಗಳನ್ನು ಇಎಂಐನಂಥ ದೊಡ್ಡ ಕಂಪನಿಯಿಂದಲೇ ಹೊರತಂದರು. ತಮಾಷೆ ಅಲ್ವಾ? ಆ್ಯಂಡಿ ಗಿಲ್ ಗಿಟಾರ್‌ನಲ್ಲಿ ಸ್ವರ ಉಳಿಯುವುದೇ ಇಲ್ಲ. ಚಕ್ ಅಂತ ಬಡಿದು ತಕ್ಷಣ ಬಾಯಿ ಮುಚ್ಚುತ್ತದೆ. ವಾಲ್ವ್ ಆಂಪ್‌ನ ಬೆಚ್ಚನೆಯ ಸದ್ದು ಬೇಡ ಅಂತ ಟ್ರಾನ್ಸಿಸ್ಟರ್ ಆಂಪ್ ಬಳಸಿದವನು ಅವನು. ಬೇರೆಯವರು ಸೋಲೋ ನುಡಿಸುವ ಜಾಗದಲ್ಲಿ ಇವನು ನುಡಿಸುವುದನ್ನೇ ನಿಲ್ಲಿಸುತ್ತಾನೆ. ಅಲ್ಲೊಂದು ತೂತು ಬೀಳುತ್ತದೆ, ಅದರ ಮೂಲಕ ಡೇವ್ ಆ್ಯಲನ್‌ನ ಬೇಸ್, ಹ್ಯೂಗೋ ಬರ್ನಮ್‌ನ ಡ್ರಮ್ಸ್ ಕಾಣುತ್ತವೆ. ಕುಣಿಸುವ ಫಂಕ್ ತಾಳ, ಆದರೆ ಮುಖದಲ್ಲಿ ನಗು ಇಲ್ಲ. ಕೊನೆಯ ಹಾಡಿನಲ್ಲಂತೂ ಒಬ್ಬ ಹಾಡುತ್ತಿರುವಾಗಲೇ ಇನ್ನೊಬ್ಬ ಬೇರೇನೋ ಮಾತಾಡುತ್ತಿರುತ್ತಾನೆ. ಒಮ್ಮೆ ಒಬ್ಬನನ್ನು, ಇನ್ನೊಮ್ಮೆ ಇನ್ನೊಬ್ಬನನ್ನು ಹಿಂಬಾಲಿಸಿ ಎರಡು ಸಲ ಕೇಳಿದೆ. ಎರಡು ಬೇರೆ ಹಾಡು ಕೇಳಿದ ಹಾಗಾಯಿತು.

ಇದನ್ನು ಕಲಿಯುವಾಗಲೇ ನನ್ನ ತಡವರಿಕೆಗೆ ಉತ್ತರ ಸಿಕ್ಕಿದ್ದು. ಈ ನಾಲ್ಕು ಬ್ಯಾಂಡ್‌ಗಳ ಸದ್ದು ಒಂದಕ್ಕೊಂದು ಹೋಲುವುದಿಲ್ಲ. ಆದರೆ ಒಬ್ಬೊಬ್ಬರೂ ರಾಕ್‌ನಿಂದ ಏನೋ ಒಂದನ್ನು ಕಿತ್ತು ಎಸೆದಿದ್ದಾರೆ. ವಾಯರ್ ಹಾಡಿನ ಉದ್ದವನ್ನು, ಹ್ಯಾನೆಟ್ ಒಟ್ಟಿಗೆ ನುಡಿಸುವ ಬಿಸಿಯನ್ನು, ವಾಬಲ್ ಮತ್ತು ಲೆವೀನ್ ಹಾಡಿನ ಕಟ್ಟನ್ನೇ, ಗಿಲ್ ಗಿಟಾರಿನ ಗತ್ತನ್ನು. ಖಾಲಿಯಾದ ಜಾಗಕ್ಕೆ ಹೆಚ್ಚಿನ ಸಲ ಬೇಸ್ ಬಂದು ಕೂತಿದೆ. ಈ ಲೆಕ್ಕ ಹಿಡಿದರೆ ಕಾರ್ಡಿಫ್‌ನ ಯಂಗ್ ಮಾರ್ಬಲ್ ಜಯಂಟ್ಸ್ ಕೂಡ ಒಳಗೆ ಬರುತ್ತಾರೆ. 1980ರ ತಮ್ಮ ಒಂದೇ ಒಂದು ಆಲ್ಬಮ್‌ನಲ್ಲಿ ಅವರು ಡ್ರಮ್ಮರ್‌ನನ್ನೇ ಕೈಬಿಟ್ಟರು.

ದಿ ಫಾಲ್ ಬ್ಯಾಂಡ್ ಯಾಕಿಲ್ಲ ಅಂತ ಕೇಳುವವರು ಇದ್ದೇ ಇರುತ್ತಾರೆ. ಅದರ ಗಾಯಕ ಮಾರ್ಕ್ ಇ. ಸ್ಮಿತ್ ಜೊತೆಗಾರರನ್ನು ಬದಲಿಸುತ್ತಲೇ 30ಕ್ಕೂ ಹೆಚ್ಚು ಸ್ಟುಡಿಯೋ ಆಲ್ಬಮ್ ಮಾಡಿದ. ಒಂದು ವಾರಕ್ಕೆ ಯಾವುದನ್ನು ಆರಿಸಲಿ? ಹಲವು ಸಲ ಪ್ರಯತ್ನಿಸಿದ್ದೇನೆ, ಇನ್ನೂ ಬಾಗಿಲು ತೆರೆದಿಲ್ಲ. ಇನ್ನು ಇಂಟರ್‌ಪೋಲ್‌ನಿಂದ ಫಾಂಟೇನ್ಸ್ ಡಿ.ಸಿ. ತನಕ ಆಮೇಲೆ ಬಂದ ಬ್ಯಾಂಡ್‌ಗಳದು ಬೇರೆಯೇ ಮಾತು.

ಹೊಸದಾಗಿ ಕೇಳುವವರಿಗೆ ಜಾಯ್ ಡಿವಿಷನ್ ಕೊಡಿ, ತಕ್ಷಣ ಹಿಡಿಸುತ್ತದೆ. ಒಳ್ಳೆ ಸ್ಪೀಕರ್ ಇದ್ದರೆ 'ಮೆಟಲ್ ಬಾಕ್ಸ್', ಇಲ್ಲದಿದ್ದರೆ ಖಂಡಿತ ಬೇಡ. ನನ್ನ ಆಯ್ಕೆ ಮಾತ್ರ 'ಎಂಟರ್‌ಟೈನ್‌ಮೆಂಟ್!'. ತಿಂಗಳು ಮುಗಿದ ಮೇಲೂ ನಾನು ಅಭ್ಯಾಸ ಬಿಡದೆ ಹಿಡಿದಿರುವುದು ಅದೊಂದನ್ನೇ. ಸ್ವರಗಳೆಲ್ಲ ಬಾಯಿಪಾಠ. ಆದರೆ ಸುಮ್ನೆ ಇರಬೇಕಾದ ಜಾಗ ಬಂದಾಗ ಬೆರಳು ತಡೆಯುವುದಿಲ್ಲ, ಒಂದು ಸ್ವರ ಜಾಸ್ತಿ ಮೀಟಿಬಿಡುತ್ತದೆ. ನಿನ್ನೆಯೂ ಅಷ್ಟೇ.